ಸಿಯೆನಾಗೆ ನಾಲ್ಕು ದಿನ

ನಮ್ಮ ಶಾಲೆಯಲ್ಲಿ ಯುರೋಪಿನ ಭೂಪಟ ಇರುವುದು ಒಂದೇ. ಅದರ ತಲೆಗೊಂದು ಮರದ ಕೋಲು, ಬುಡಕ್ಕೊಂದು ಮರದ ಕೋಲು. ಮೊಳೆಗೆ ನೇತುಹಾಕಿ ಸುರುಳಿ ಬಿಚ್ಚುವಾಗ ಮೇಲಿನ ಕೋಲು ‘ಕಿರ್’ ಎನ್ನುತ್ತದೆ. ದೊಡ್ಡ ಸದ್ದೇನಲ್ಲ, ಹೊಸ ಚಪ್ಪಲಿ ಮೆಟ್ಟಿದವರು ಪಕ್ಕದಲ್ಲಿ ಹಾದುಹೋದರೆ ಆಗುವಷ್ಟು. ಅಷ್ಟಕ್ಕೇ ನನ್ನ ಬಾಯಿ ಮುಚ್ಚಿಹೋಗುತ್ತದೆ. ಸೀಮೆಸುಣ್ಣ ಹಿಡಿದ ಕೈ ಅರ್ಧಕ್ಕೇ ನಿಲ್ಲುತ್ತದೆ. ಅರ್ಧ ಬೀಡಿ ಸೇದುವಷ್ಟು ಹೊತ್ತು ನಾನು ಹಾಗೆಯೇ ನಿಂತಿರುತ್ತೇನೆ. ಮೊದಮೊದಲು ಮಕ್ಕಳು ನಗುತ್ತಿದ್ದರು. ಈಗ ಅವರಿಗೂ ಅಭ್ಯಾಸವಾಗಿದೆ. ಮೊನ್ನೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹೊಸದಾಗಿ ಸೇರಿದವಳ ಕಿವಿಯಲ್ಲಿ, “ಸುಮ್ಕಿರೇ, ಮೇಷ್ಟ್ರು ಈಗ ಯುರೋಪಿಗೆ ಕೈ ಮುಗೀತಾ ಅವ್ರೆ” ಎಂದದ್ದು ನನಗೇ ಕೇಳಿಸಿತು. ಅವಳ ಮೇಲೆ ಕೋಪ ಬರಲಿಲ್ಲ. ನೋಡುವವರಿಗೆ ಹಾಗೆಯೇ ಕಾಣುತ್ತದೆಯೇನೋ.

ನಾನು ಕೈ ಮುಗಿಯುತ್ತಿರುವುದಿಲ್ಲ, ಕೇಳಿಸಿಕೊಳ್ಳುತ್ತಿರುತ್ತೇನೆ. ಮರ ಸದ್ದು ಮಾಡಿದರೆ ಮನುಷ್ಯ ಸುಮ್ಮನಾಗಬೇಕು ಎಂಬ ಪಾಠವನ್ನು ನಾನು ಕಲಿತದ್ದು ನೆಲದಿಂದ ಏಳು ಸಾವಿರ ಅಡಿ ಕೆಳಗೆ. ಕಲಿಯಬೇಕಾದ ದಿನ ಕಲಿಯಲಿಲ್ಲ, ಅದರ ಮರುದಿನ ಕಲಿತೆ. ಈ ಬಂಗಾರಪೇಟೆಗೆ ಬಂದು ಮನೆ ಮಾಡಿದಾಗ ಮೊದಲು ಕೊಂಡದ್ದು ಕಬ್ಬಿಣದ ಮಂಚ. “ಮರದ ಮಂಚ ಆರೋಗ್ಯಕ್ಕೆ ತಂಪು ಸಾರ್” ಎಂದು ಅಂಗಡಿಯವನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಬಾಡಿಗೆ ಮನೆಯ ಪಡಸಾಲೆಯಲ್ಲಿ ಒಂದು ಮರದ ಕಂಬವಿದೆ. ಏಳು ವರ್ಷವಾದರೂ ಅದಕ್ಕೆ ಒರಗಿ ಕೂತವನಲ್ಲ. ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವನು ಕಂಬಕ್ಕೆ ಹೆದರುತ್ತಾನೆ ಎಂದರೆ ನಿಮಗೆ ನಗು ಬರಬಹುದು. ನಗಿ. ಆದರೆ ಕತೆ ಪೂರ್ತಿ ಕೇಳಿ ನಗಿ.

ಕಾಲೇಜು ಮುಗಿಸಿ ನಾನು ಕೆ.ಜಿ.ಎಫ್.ನ ಗಣಿಯೊಂದರ ಸರ್ವೆ ಆಫೀಸಿಗೆ ಸಹಾಯಕನಾಗಿ ಸೇರಿದೆ. ಬೇತಮಂಗಲದ ಪಕ್ಕದ ನಮ್ಮ ಹಳ್ಳಿಯಿಂದ ಅಲ್ಲಿಗೆ ಮದುವೆಯಾಗಿ ಹೋದವಳು ಪಾಪಮ್ಮ. ಒಂದೇ ಬೀದಿಯವಳಾದ್ದರಿಂದ ನನಗೆ ಪಾಪಕ್ಕ. ಅವಳ ಗಂಡ ಮುನಿಯಪ್ಪ ನನಗೆ ಬಾವ. ಗಣಿಯವರ ಲೈನ್ ಮನೆಗಳಲ್ಲಿ ಅವರದೊಂದು ಮನೆ. ಮಕ್ಕಳಿರಲಿಲ್ಲ. ಬಾವ ಗಣಿಯೊಳಗೆ ಮರ ಕಟ್ಟುವ ಮೇಸ್ತ್ರಿ. ಚಿನ್ನ ಅಗೆದು ತೆಗೆದ ಟೊಳ್ಳಿನಲ್ಲಿ ಮೇಲಿನ ಬಂಡೆ ಕುಸಿಯದಂತೆ ಮರದ ಕಂಬ, ತೊಲೆ, ಅಟ್ಟಣೆ ನಿಲ್ಲಿಸುವುದು ಅವರ ಕೆಲಸ. ನನ್ನ ಕೆಲಸ ಅವರ ಹಿಂದೆ ಟೇಪು ಹಿಡಿದು ಹೋಗಿ, ಅಗೆತ ಎಷ್ಟು ಮುಂದುವರಿದಿದೆ ಎಂದು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುವುದು. ಅವರು ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. “ಏನ್ಲಾ ಬಿಯೆಸ್ಸಿ, ಬಂಡೆ ಇವತ್ತೇನಂತು? ಇಂಗ್ಲೀಷಲ್ಲಿ ಏನಾರ ಅಂತಾ?”

ಅವರಿಗೆ ಆ ಕೆಲಸ ಕಲಿಸಿದವನು ಇಟಲಿಯ ಒಬ್ಬ ಮೇಸ್ತ್ರಿ. ಕನ್ನಡಿಗರು, ತಮಿಳರು, ತೆಲುಗರು ಎಲ್ಲರ ಬಾಯಲ್ಲೂ ಅವನ ಹೆಸರು ಸವೆದು ಪೇತ್ರಪ್ಪ ಆಗಿತ್ತು. ನಾನು ಸೇರುವ ಹೊತ್ತಿಗೆ ಅವನು ಕೆಲಸ ಬಿಟ್ಟು ತನ್ನ ದೇಶಕ್ಕೆ ಹೋಗಿ ಎರಡು ವರ್ಷವಾಗಿತ್ತು. ಬಾವನ ಮನೆಯಲ್ಲಿ ಮಾತ್ರ ಅವನು ಇನ್ನೂ ಇದ್ದ. ಅವನು ಬಿಟ್ಟುಹೋದ ಕೊಡಲಿ ದೇವರ ಗೂಡಿನ ಪಕ್ಕದಲ್ಲಿತ್ತು. ಅವನು ಮುಸುಕಿನ ಜೋಳದ ಹಿಟ್ಟಿನಲ್ಲಿ ಹಳದಿ ಮುದ್ದೆ ಮಾಡಿಕೊಂಡು ತಿನ್ನುತ್ತಿದ್ದನಂತೆ. ಪಾಪಕ್ಕನ ಪ್ರಕಾರ ಅಲ್ಲಿಗೆ ಎಲ್ಲವೂ ಇತ್ಯರ್ಥವಾಗಿತ್ತು: “ಮುದ್ದೆ ತಿನ್ನೋ ಜನ ಕಣಪ್ಪ. ಮೋಸ ಇರಾಕಿಲ್ಲ.”

ಪೇತ್ರಪ್ಪನ ಕಾಗದಗಳು ಬರುತ್ತಿದ್ದವು. ಅವನು ಹೇಳಿದ್ದನ್ನು ಅವನೂರಿನ ಮೇಷ್ಟರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಇಲ್ಲಿ ನಾನು ಕನ್ನಡದಲ್ಲಿ ಓದುತ್ತಿದ್ದೆ. ಒಂದು ಕಾಗದದಲ್ಲಿ ಹೀಗಿತ್ತು: ನೀನೂ ನಿನ್ನ ಹೆಂಡತಿಯೂ ನಮ್ಮ ದೇಶ ನೋಡಲು ಬನ್ನಿ. ಹಡಗಿನ ಟಿಕೇಟು ನಾನು ಕಳಿಸುತ್ತೇನೆ. ದೊಡ್ಡ ಊರುಗಳನ್ನೆಲ್ಲ ನೋಡಿಕೊಂಡು ದ್ರಾಕ್ಷಿ ಕೊಯ್ಯುವ ಹೊತ್ತಿಗೆ ನಮ್ಮ ಬೆಟ್ಟದ ಹಳ್ಳಿಗೆ ಬಂದುಬಿಡಿ. ನನ್ನ ದನದ ಕೊಟ್ಟಿಗೆಯ ತೊಲೆ ಬಾಗಿದೆ. ಈ ಊರಿನವರಿಗೆ ತೊಲೆ ಹಾಕಲು ಬರುವುದಿಲ್ಲ.

“ನೋಡ್ದಾ,” ಎಂದರು ಬಾವ ಹೆಂಡತಿಗೆ. “ಊರ್ ನೋಡಾಕೆ ಕರೀತಾನೆ ಅಂದ್ಕೊಂಡೆ. ಕೊಟ್ಟಿಗೆ ರಿಪೇರಿಗೆ ಕರೀತಾ ಅವ್ನೆ, ಮುದುಕ!” ಹಾಗೆಂದವರು ಆ ಕಾಗದವನ್ನು ಮೂರು ಸಲ ಓದಿಸಿದರು.

ಹೀಗೆ ಶುರುವಾಯಿತು ಇಟಲಿ ಪ್ರವಾಸದ ಯೋಜನೆ. ಲೈನ್ ಮನೆಯ ಸಗಣಿ ಸಾರಿಸಿದ ನೆಲದ ಮೇಲೆ, ಭಾನುವಾರದ ಮಧ್ಯಾಹ್ನ, ಮುದ್ದೆ ಬಸ್ಸಾರು ಉಂಡಾದ ಮೇಲೆ. ನಾನು ಕಾಲೇಜಿನ ಅಟ್ಲಾಸು ತಂದು ಬಿಚ್ಚಿದೆ. ಬಾವ ಅದನ್ನು ಹಾಗೆ ಹೀಗೆ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಅವರಿಗೆ ಓದು ಬರುತ್ತಿರಲಿಲ್ಲ, ಭೂಪಟ ಅರ್ಥವಾಗುತ್ತಿರಲಿಲ್ಲ. ಆದರೆ ಗಣಿಯ ನಕ್ಷೆಯನ್ನು ಅವರಷ್ಟು ಚೆನ್ನಾಗಿ ಓದುವವರು ನಮ್ಮ ಆಫೀಸಿನಲ್ಲೇ ಇರಲಿಲ್ಲ. ಅದಕ್ಕೇ ನಾನೊಂದು ಉಪಾಯ ಮಾಡಿದೆ. ಆಫೀಸಿನಲ್ಲಿ ಎಸೆದಿದ್ದ ನಕ್ಷೆ ಬಟ್ಟೆಯ ತುಂಡೊಂದನ್ನು ತಂದು ಇಟಲಿಯನ್ನು ಗಣಿಯಂತೆ ಬರೆದೆ. ಮೇಲೆ ನೇಪಲ್ಸ್ ಬಂದರು, ಅದು ಗಣಿಯ ಬಾಯಿ. ಅಲ್ಲಿಂದ ಇಳಿಯುವ ಒಂದೊಂದು ಅಂತಸ್ತೂ ಒಂದೊಂದು ಊರು: ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಎಲ್ಲಕ್ಕಿಂತ ಕೆಳಗೆ ಪೇತ್ರಪ್ಪನ ಹಳ್ಳಿ. ಊರೂರಿಗೆ ನಡುವಿನ ರೈಲು ಹಳಿಯನ್ನು ಅದಿರಿನ ತಳ್ಳುಬಂಡಿಯ ಹಳಿಯಂತೆ ಗೀಚಿದೆ. ಪ್ರತಿ ಅಂತಸ್ತಿನ ಪಕ್ಕದಲ್ಲಿ ಅಲ್ಲಿ ತಂಗುವ ದಿನಕ್ಕೊಂದರಂತೆ ಕಡ್ಡಿ ಗೀರು. ಉತ್ತರ ದಕ್ಷಿಣ ತಲೆಕೆಳಗಾಯಿತು. ನನಗೆ ಭೂಗೋಳ ಕಲಿಸಿದವರು ನೋಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದರೆ ಬಾವನ ಮುಖ ಅರಳಿತು. “ಈಗ್ ಗೊತ್ತಾಯ್ತು ನೋಡು ದೇಸ!”

ಆಮೇಲೆ ಅವರ ಪ್ರಶ್ನೆಗಳಿಗೆ ಮಿತಿಯೇ ಇರಲಿಲ್ಲ. ವೆನಿಸ್ ಊರೆಲ್ಲ ನೀರಿನಲ್ಲಿದೆ ಎಂದೆ. ಅವರು ಗಾಬರಿಯಾದರು. “ಪಂಪು ಕೆಟ್ಟೈತಾ?”

“ಇಲ್ಲ ಬಾವ, ಅದು ಇರೋದೇ ಹಾಗೆ.”

“ಅದ್ಯಾರ್ಲಾ ಅಲ್ಲಿ ಮ್ಯಾನೇಜರ್ರು? ಊರಿಗ್ ನೀರ್ ನುಗ್ಗಿದ್ರೂ ಸುಮ್ಕವ್ನಲ್ಲ!”

ಪೀಸಾದ ವಾಲಿದ ಗೋಪುರದ ಚಿತ್ರ ತೋರಿಸಿದಾಗ ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕೊನೆಗೆ ಬೆರಳಿನಿಂದ ಎರಡು ಕಡೆ ಮುಟ್ಟಿ, “ಇಲ್ಲೊಂದು, ಇಲ್ಲೊಂದು ಮರ ಕೊಟ್ಟಿದ್ರೆ ಆಗೋಗದು. ಇಷ್ಟ್ ವರ್ಸದಿಂದ ಒಬ್ಬನ್ಗೂ ತೋಚಲಿಲ್ವಾ?” ಎಂದರು. ಆ ಊರಿಗೆ ಒಂದು ದಿನ ಎಂದಿದ್ದದ್ದು ಎರಡು ದಿನವಾಯಿತು. ಅದನ್ನು ನೋಡದೆ ಬಂದರೆ ಪೇತ್ರಪ್ಪ ಏನೆಂದುಕೊಂಡಾನು?

ಪಾಪಕ್ಕ ಇಂಥ ಪ್ರಶ್ನೆ ಕೇಳುತ್ತಿರಲಿಲ್ಲ. ಅವಳ ಪ್ರಶ್ನೆಗಳೇ ಬೇರೆ. ನೇಪಲ್ಸಿನ ಪಕ್ಕದಲ್ಲಿ ಬೆಂಕಿ ಉಗುಳುವ ಬೆಟ್ಟವಿದೆ ಎಂದು ನಾನು ಉತ್ಸಾಹದಿಂದ ವಿವರಿಸುತ್ತಿದ್ದಾಗ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ, “ಭೂಮಿ ಸಿಡೀತದಾ ಅಲ್ಲೂ?” ಎಂದಳು. ಹೌದು ಅಕ್ಕ, ಯಾವಾಗಲಾದರೂ ಒಂದು ಸಲ ಎಂದೆ. “ಹಡಗಿಳಿದ ತಕ್ಷಣ ರೈಲ್ ಅತ್ಕೊಂಡ್ ಬಿಡಾನ. ಅಲ್ಲಿ ಒಂದ್ ರಾತ್ರೀನೂ ಬ್ಯಾಡ.” ನಾನು ನೇಪಲ್ಸಿನ ಕಡ್ಡಿ ಗೀರುಗಳನ್ನು ಅಳಿಸಿದೆ. ಮುಂದಿನ ಭಾನುವಾರ ರೋಮಿನ ನೆಲದಡಿಯಲ್ಲಿ ಹಳೇ ಕಾಲದವರು ಕೊರೆದ ಸುರಂಗಗಳಿವೆ, ಬಾವನಿಗೆ ಇಷ್ಟವಾಗಬಹುದು ಎಂದೆ. ಬಾವನ ಕಣ್ಣು ಮಿನುಗಿದವು. ಪಾಪಕ್ಕ ಎದ್ದು ಬಂದು ನನ್ನ ಪೆನ್ಸಿಲ್ಲಿನ ಮೇಲೆ ಕೈಯಿಟ್ಟಳು. “ನೆಲದ್ ಕೆಳಗಿನ್ದು ಒಂದೂ ಬ್ಯಾಡ.”

ಆಗಲೂ ನನಗೆ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಸಿಕ್ಕಾಗ ಅವಳೇ ಬಿಚ್ಚಿ ಹೇಳಿದಳು. ಆ ವರ್ಷ ಏರ್ ಬ್ಲಾಸ್ಟು ಜಾಸ್ತಿಯಾಗಿತ್ತು. ಹಾಗೆಂದರೆ ಏನೆಂದು ದೂರದವರಿಗೆ ಹೇಳಬೇಕು. ಆಳದ ಬಂಡೆ ತನ್ನ ಬಿಗಿಗೆ ತಾನೇ ಸಿಡಿಯುತ್ತದೆ. ಸಿಡಿಮದ್ದಿಲ್ಲ, ಮನುಷ್ಯನ ಕೈ ಇಲ್ಲ. ಮೇಲೆ ಊರಿನಲ್ಲಿ ಗೂಡಿನ ಲೋಟ ಉರುಳುತ್ತವೆ, ಗೋಡೆ ಬಿರುಕು ಬಿಡುತ್ತದೆ. ಆಮೇಲೆ ಗಣಿಯ ಸೈರನ್ನು ಊದುತ್ತದೆ. ಅಲ್ಲಿ ಅದನ್ನು ಸಂಗು ಎನ್ನುತ್ತಿದ್ದರು. ಸಂಗು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತೆಂದರೆ ಹೆಂಗಸರೆಲ್ಲ ಗಣಿಬಾಯಿಯ ಕಡೆ ಓಡುತ್ತಾರೆ.

“ಇಪ್ಪತ್ತೊಂದ್ ವರ್ಸ ಆಯ್ತು ಕಣಪ್ಪ ನಾನ್ ಬಂದು,” ಎಂದಳು ಪಾಪಕ್ಕ, ಕೊಡ ತುಂಬುತ್ತಿದ್ದುದನ್ನೇ ನೋಡುತ್ತ. “ಒಂದ್ ವಾರ ಪೂರ್ತಿ ಅವ್ರು ಭೂಮಿ ಮ್ಯಾಲೆ ಇದ್ದಿದ್ ನೆಪ್ಪಿಲ್ಲ. ನಂಗ್ ಇಟ್ಲೀನೂ ಬ್ಯಾಡ, ಗಿಟ್ಲೀನೂ ಬ್ಯಾಡ. ಓಗಾಕ್ ಒಂದ್ ತಿಂಗ್ಳು, ಬರಾಕ್ ಒಂದ್ ತಿಂಗ್ಳು, ಅಲ್ಲೊಂದೆರಡು ತಿಂಗ್ಳು. ಅಷ್ಟೂ ದಿನ ಅವ್ರು ಬಿಸ್ಲಲ್ಲಿರ್ತಾರೆ. ಇನ್ನೊಂದೂರು ಸೇರ್ಸಪ್ಪ. ನಿಂಗ್ ಗೊತ್ತಿರ್ತದಲ್ಲ, ಓದ್ದೋನು.”

ಅಂದಿನಿಂದ ನಾನು ಅವಳ ಕಡೆಯ ಮನುಷ್ಯನಾದೆ. ಇಟಲಿಯಲ್ಲಿ ಊರು ಹುಡುಕುವುದೇ ನನ್ನ ಕೆಲಸವಾಯಿತು. ಅಟ್ಲಾಸಿನ ಸಣ್ಣ ಅಕ್ಷರಗಳಲ್ಲಿ ಬೆರಳಾಡಿಸುತ್ತ ಕೂರುತ್ತಿದ್ದೆ. ಒಂದು ಊರು ಸೇರಿದರೆ ಬಾವನಿಗೆ ಮೂರು ದಿನ ಬಿಸಿಲು, ಇನ್ನೊಂದು ಸೇರಿದರೆ ಐದು ದಿನ. ಲೈಬ್ರರಿಯ ಹಳೇ ಪುಸ್ತಕವೊಂದರಲ್ಲಿ ಸಿಯೆನಾ ಎಂಬ ಊರು ಸಿಕ್ಕಿತು. ಬೆಟ್ಟದ ಮೇಲಿದೆ, ಬೆಂಕಿ ಇಲ್ಲ, ನೀರು ನುಗ್ಗುವುದಿಲ್ಲ. ಬೀದಿಗಳೆಲ್ಲ ಬಂದು ಸೇರುವ ದೊಡ್ಡ ಚೌಕದಲ್ಲಿ ಜನ ಸುಮ್ಮನೆ ಬಿಸಿಲು ಕಾಯುತ್ತ ಕೂರುತ್ತಾರಂತೆ. ಪಾಪಕ್ಕನಿಗೆ ಹೇಳಿಮಾಡಿಸಿದಂಥ ಊರು! ನಾಲ್ಕು ದಿನ ಎಂದು ನಾವಿಬ್ಬರೇ ನಿಶ್ಚಯಿಸಿಕೊಂಡೆವು.

ಬಾವ ಮಾತ್ರ ಒಪ್ಪಲೊಲ್ಲರು. ಅವರಿಗೆ ಇಷ್ಟು ದಿನ ಕೆಲಸ ಬಿಟ್ಟಿರುವುದೇ ದಿಗಿಲು. “ನಾನ್ ಕಟ್ಟಿದ್ ಮರ ನಾನೇ ನೋಡ್ಕೋಬೇಕು. ಬೇರೆಯವ್ರಿಗೆ ಅದು ಬಗ್ಗಾಕಿಲ್ಲ” ಎನ್ನುತ್ತಿದ್ದರು, ಮರವೆಂದರೆ ಕರುವೇನೋ ಎಂಬಂತೆ. ಊರು ಸೇರಿಸುವ ಮಾತೆತ್ತಿದರೆ ಎದ್ದು ಬೀಡಿ ಹಚ್ಚಲು ಹೊರಗೆ ಹೋಗಿಬಿಡುತ್ತಿದ್ದರು. ಅಷ್ಟರಲ್ಲಿ ಪೇತ್ರಪ್ಪ ಬರೆದ: ಟಿಕೇಟು ಮಾಡಿಸಬೇಕು, ಎಷ್ಟು ದಿನದ ಪ್ರವಾಸವೆಂದು ಕೂಡಲೇ ತಿಳಿಸು. ಮರುದಿನ ಬೆಳಿಗ್ಗೆ ಪಾಳಿಗೆ ಹೊರಟಾಗ ಪಾಪಕ್ಕ ಬಾಗಿಲಲ್ಲಿ ನನ್ನನ್ನು ತಡೆದು ಪಿಸುಗುಟ್ಟಿದಳು: “ಇವತ್ತು ಎಂಗಾರ ಮಾಡಿ ಹೂಂ ಅನ್ಸಪ್ಪ.”

ಈಗ ಗಣಿಯ ಒಂದು ರೂಢಿಯ ವಿಷಯ ಹೇಳಬೇಕು. ಪಾಳಿಯ ಶುರುವಿನಲ್ಲಿ, ಹಿಂದಿನ ದಿನ ಕಟ್ಟಿದ ಮರದ ಕೆಳಗೆ ಕಾಲಿಡುವ ಮೊದಲು, ಬಾವ ಹೋಗಿ ಮುಂದಿನ ಕಂಬಕ್ಕೆ ಅಂಗೈ ಒತ್ತಿ ನಿಲ್ಲುತ್ತಿದ್ದರು. ದೀಪ ಆರಿಸಿರುತ್ತಿದ್ದರು, ಕಣ್ಣು ಮುಚ್ಚಿರುತ್ತಿತ್ತು. ಅರ್ಧ ಬೀಡಿ ಹೊತ್ತು. ಅಷ್ಟು ಹೊತ್ತೂ ಯಾರೂ ಒಂದು ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ. ಅದಕ್ಕೆ ‘ಮರ ಕೇಳೋದು’ ಎನ್ನುತ್ತಿದ್ದರು. ಬಂಡೆ ಸಿಡಿಯುವ ಮುಂಚೆ ಭಾರ ಮರದ ಮೇಲೆ ಬೀಳುತ್ತದೆ, ಮರ ನರಳುತ್ತದೆ. ಅದು ನರಳಿದರೆ ಓಡಬೇಕು. ಪೇತ್ರಪ್ಪ ಕಲಿಸಿದ ವಿದ್ಯೆಗಳಲ್ಲಿ ಇದೇ ದೊಡ್ಡದು. ಒಮ್ಮೆ ಅದೇ ಹೊತ್ತಿನಲ್ಲಿ ಸೀನಿದ್ದಕ್ಕೆ ಬಾವ ನನ್ನನ್ನು ವಾರಗಟ್ಟಲೆ ‘ಮೂಗಪ್ಪ’ ಎಂದು ಆಡಿಕೊಂಡಿದ್ದರು.

ಆ ದಿನ ನಾವಿಬ್ಬರೇ ಮುಂದೆ ಹೋಗಿದ್ದೆವು. ಉಳಿದವರು ಇನ್ನೂ ಜನರನ್ನೂ ಸರಕನ್ನೂ ಕೆಳಗಿಳಿಸುವ ಕೇಜಿನ ಹತ್ತಿರ ಮರ ಇಳಿಸಿಕೊಳ್ಳುತ್ತಿದ್ದರು. ಒಲೆಯ ಮುಂದೆ ಕೂತಂಥ ಸೆಕೆ. ನಾನು ಸುರಂಗದ ಓಣಿಯ ಬಾಯಲ್ಲಿ ದೀಪವನ್ನು ಮೊಳೆಗೆ ಸಿಕ್ಕಿಸಿ, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಾವ ಹತ್ತು ಹನ್ನೆರಡು ಹೆಜ್ಜೆ ಒಳಗೆ, ಕಂಬಕ್ಕೆ ಅಂಗೈ ಒತ್ತಿ ಕಣ್ಣು ಮುಚ್ಚಿದರು. ಆಗ ನನಗೊಂದು ಯೋಚನೆ ಬಂತು. ಈ ಮನುಷ್ಯ ಎದ್ದುಹೋಗದೆ, ಎದುರು ಮಾತಾಡದೆ ನಿಲ್ಲುವ ಸಮಯ ಇದೊಂದೇ ಎಂದುಕೊಂಡೆ. ಬಾಯಿಬಿಟ್ಟೇಬಿಟ್ಟೆ.

“ಬಾವ, ಸಿಯೆನಾ ಅಂತ ಒಂದೂರು. ಬೆಟ್ಟದ ಮೇಲಿದೆ. ನಾಲ್ಕೇ ದಿನ. ಆಗಲಿ ಅನ್ನಿ.”

ಅವರು ಕಣ್ಣು ತೆರೆದರು. ಕಂಬದಿಂದ ಕೈ ತೆಗೆದರು. ನನ್ನ ಕಡೆ ಬರತೊಡಗಿದರು, ದೊಡ್ಡ ದೊಡ್ಡ ಹೆಜ್ಜೆ ಹಾಕಿಕೊಂಡು. ಹೊಡೆಯುವುದಕ್ಕೇ ಬರುತ್ತಿದ್ದಾರೆಂದು ನಾನು ಪುಸ್ತಕವನ್ನು ತಲೆಗೆ ಅಡ್ಡ ಹಿಡಿದು ಬಗ್ಗಿದೆ. ಅವರು ನನ್ನ ದೀಪದ ಹತ್ತಿರ ಬಂದು ನಿಂತದ್ದು ಕಾಲುಗಳಿಂದ ಗೊತ್ತಾಯಿತು.

ಆಮೇಲಿನದು ಸದ್ದಲ್ಲ. ಸದ್ದು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಗಾಳಿ ಬಂತು, ಗೋಡೆಯ ಹಾಗೆ. ನನ್ನ ಎದೆಯನ್ನು ಅದು ಬೆನ್ನಿಗೆ ಒತ್ತಿತು. ದೀಪ ಆರಿತು. ಬಾಯಿ ತುಂಬ ಮಣ್ಣು, ಮುರಿದ ಹಲ್ಲು. ನನ್ನ ಮೇಲೆ ಏನೋ ಭಾರ. ಬಂಡೆ ಎಂದುಕೊಂಡೆ, ಅದು ಉಸಿರಾಡುತ್ತಿತ್ತು. ಬಾವ ನನ್ನ ಮೇಲೆ ಬಿದ್ದಿದ್ದರು. “ಬಾವ” ಎಂದು ಕೂಗಿದೆ. ಕೂಗಿದೆ, ಕೂಗಿದೆ. ಅವರು ಉತ್ತರ ಕೊಡಲಿಲ್ಲ. ಕತ್ತಲಲ್ಲಿ ಅವರ ಕೈ ನನ್ನ ಮುಖವನ್ನು ಸವರಿತು, ತುಟಿಯ ಮೇಲೆ ನಿಂತಿತು. ನಾನು ಬದುಕಿದ್ದೇನೆಯೇ ಎಂದು ನೋಡುತ್ತಿದ್ದಾರೆ ಎಂದುಕೊಂಡೆ. ನನ್ನ ಕೂಗು ಅವರಿಗೆ ಕೇಳುತ್ತಿಲ್ಲ ಎಂದು ತಿಳಿದದ್ದು ಬಹಳ ಹೊತ್ತಿನ ಮೇಲೆ.

ಜನ ಬಂದು ಬಿಡಿಸಿದರು. ಬಾವನ ಪಾದ ಬಂಡೆಯಡಿ ಸಿಕ್ಕಿತ್ತಾದ್ದರಿಂದ ನನ್ನನ್ನೇ ಮೊದಲು ಮೇಲೆ ಕಳಿಸಿದರು. ಗಣಿಬಾಯಿಯಲ್ಲಿ ಹೆಂಗಸರ ಗುಂಪು. ಎಲ್ಲರಿಗಿಂತ ಮುಂದೆ ಪಾಪಕ್ಕ, ಮೊಣಕೈವರೆಗೆ ರಾಗಿ ಹಿಟ್ಟು. ಕೇಜಿನಿಂದ ನಾನೊಬ್ಬನೇ ಇಳಿದದ್ದನ್ನು ನೋಡಿದಳು. ನನ್ನ ಹಿಂದೆ ನೋಡಿದಳು. ಯಾರೂ ಇರಲಿಲ್ಲ. “ನಿಮ್ ಬಾವ?” ಎಂದಳು.

ನಾನು ಹೇಳಿದ್ದೇನು ಗೊತ್ತೇ? ಜೀವ ಇದೆ ಎನ್ನಬಹುದಿತ್ತು, ಬರುತ್ತಾರೆ ಎನ್ನಬಹುದಿತ್ತು. ಹದಿನಾರು ವರ್ಷ ಓದಿದವನು ನಾನು. ಆಡಿದ ಮಾತು ಇಷ್ಟು: “ಇನ್ನೂ ಹೂಂ ಅನ್ನಲಿಲ್ಲ ಅಕ್ಕ.”

ಅವಳ ಮುಖವನ್ನು ನಾನು ಇಲ್ಲಿ ಬರೆಯಲಾರೆ.

ಬಾವ ಉಳಿದರು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಕುಂಟುತ್ತ ಹೊರಗೆ ಬಂದರು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ವರ್ಷ ವರ್ಷಕ್ಕೂ ಕಡಿಮೆಯಾಗುತ್ತ ಬಂತು. ಮರ ಕೇಳಲಾರದವನನ್ನು ಕೆಳಗಿಳಿಸುವುದಿಲ್ಲವಲ್ಲ, ಮೇಲೆ ಮರದ ಡಿಪೋದಲ್ಲಿ ಕೆಲಸ ಕೊಟ್ಟರು. ಹೀಗೆ ಪಾಪಕ್ಕನಿಗೆ ಬೇಕಾಗಿದ್ದ ಬಿಸಿಲು ಇಟಲಿಗೆ ಹೋಗದೆಯೇ ಸಿಕ್ಕಿತು, ನಾಲ್ಕು ತಿಂಗಳಲ್ಲ, ಜೀವಮಾನಕ್ಕಾಗುವಷ್ಟು. ಪ್ರವಾಸದ ಮಾತನ್ನು ಅವಳು ಅಲ್ಲಿಗೇ ಬಿಟ್ಟಳು. ನಕ್ಷೆಬಟ್ಟೆ ಅವಳ ಟ್ರಂಕಿನ ಬುಡಕ್ಕೆ ಹೋಯಿತು. ಪೇತ್ರಪ್ಪನಿಗೆ ನಾನೇ ಬರೆದೆ: ಈ ವರ್ಷ ಆಗುವುದಿಲ್ಲ. ಏಕೆಂದು ಬರೆಯಲಿಲ್ಲ.

ನಾನು ಮತ್ತೆ ಗಣಿಗಿಳಿಯಲಿಲ್ಲ. ಇಳಿಯಲು ಹೋದೆ, ಕೇಜಿನ ಬಾಗಿಲು ಹಾಕುವ ಮುಂಚೆಯೇ ಕಾಲು ಹೊರಗೆ ಬಂದುಬಿಟ್ಟವು. ಮೇಷ್ಟರ ತರಬೇತಿ ಮುಗಿಸಿ ಬಂಗಾರಪೇಟೆಗೆ ಬಂದೆ. ಕೆ.ಜಿ.ಎಫ್.ಗೆ ಹೋಗುವ ಮಾರಿಕುಪ್ಪದ ರೈಲು ದಿನವೂ ನಮ್ಮ ಶಾಲೆಯ ಹಿಂದೆ ಹಾದುಹೋಗುತ್ತದೆ. ಹತ್ತಿದರೆ ಹೆಚ್ಚು ಹೊತ್ತಿನ ದಾರಿಯಲ್ಲ. ನಾನು ಹತ್ತುತ್ತಿದ್ದದ್ದು ವರ್ಷಕ್ಕೊಮ್ಮೆಯೋ ಎರಡು ಸಲವೋ. ಹೋದರೂ ಬಾವನ ಎದುರು ಹೆಚ್ಚು ಹೊತ್ತು ಕೂರಲಾಗುತ್ತಿರಲಿಲ್ಲ. ತಲೆಯೊಳಗೆ ಒಂದೇ ಲೆಕ್ಕ. ನಾನು ಮಾತಾಡಿದ್ದು ಎಷ್ಟು ಹೊತ್ತು? ಆ ಹೊತ್ತಿನಲ್ಲೇ ಮರ ನರಳಿತೇ? ಸಿಯೆನಾ ಎಂದಾಗಲೇ, ಬೆಟ್ಟ ಎಂದಾಗಲೇ, ನಾಲ್ಕು ಎಂದಾಗಲೇ? ನನ್ನ ದನಿ ಅಡ್ಡ ಬರದಿದ್ದರೆ ಅವರಿಗೆ ಕೇಳಿಸುತ್ತಿತ್ತಲ್ಲವೇ? ಆ ನಾಲ್ಕು ಮಾತನ್ನು ನಾನು ಎಷ್ಟು ಸಾವಿರ ಸಲ ಮನಸ್ಸಿನಲ್ಲೇ ಆಡಿದ್ದೇನೋ. ಆಡುವಾಗೆಲ್ಲ ನಡುನಡುವೆ ಕಿವಿಗೊಡುತ್ತೇನೆ. ಒಮ್ಮೊಮ್ಮೆ ‘ಕಿರ್’ ಎಂದದ್ದು ಕೇಳಿಸುತ್ತದೆ, ಒಮ್ಮೊಮ್ಮೆ ಇಲ್ಲ. ಸಿಯೆನಾ ಎಂಬ ಹೆಸರನ್ನಂತೂ ನಾನು ಆಮೇಲೆ ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಶಾಲೆಯ ಭೂಪಟದಲ್ಲಿ ಅದಿಲ್ಲ. ಇಟಲಿ ಪಾಠದಲ್ಲಿ ಅಷ್ಟೇ ಸಮಾಧಾನ.

ಕಳೆದ ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಇಬ್ಬರೂ ನಿಂತಿದ್ದರು. ಬಾವನ ಕೈಯಲ್ಲಿ ಊರುಗೋಲು, ಪಾಪಕ್ಕನ ಕಂಕುಳಲ್ಲಿ ಮಡಿಸಿದ ನಕ್ಷೆಬಟ್ಟೆ. ಅವಳು ಒಳಗೆ ಬಂದು ಪಡಸಾಲೆಯ ನೆಲದ ಮೇಲೆ ಅದನ್ನು ಹಾಸಿಯೇಬಿಟ್ಟಳು. ಜೊತೆಗೆ ಪೇತ್ರಪ್ಪನ ಹೊಸ ಕಾಗದ. ಮುದುಕನಿಗೆ ಎಂಬತ್ತು ದಾಟಿದೆ. ಕೊಟ್ಟಿಗೆಯ ತೊಲೆ ಇನ್ನೂ ಬಾಗಿಯೇ ಇದೆ. ಇನ್ನು ಹೆಚ್ಚು ದಿನ ಅದೂ ನಿಲ್ಲಲಾರದು, ನಾನೂ ನಿಲ್ಲಲಾರೆ ಎಂದು ಬರೆಸಿದ್ದ.

“ನಿನಗೆ ಬೇಡವಾಗಿತ್ತಲ್ಲ ಅಕ್ಕ?” ಎಂದೆ.

“ಬ್ಯಾಡಾಗಿತ್ತು. ಈಗ ಬೇಕು.” ಗಂಡನ ಕಡೆ ನೋಡಿ ದನಿ ತಗ್ಗಿಸಿದಳು, ತಗ್ಗಿಸುವ ಅಗತ್ಯವೇ ಇರಲಿಲ್ಲ. “ಇಲ್ಲಿ ಎಲ್ರೂ ಮಾತಾಡ್ತಾರೆ, ಅವ್ರೊಬ್ರಿಗೇ ಕೇಳ್ಸಾಕಿಲ್ಲ. ಡಿಪೋದಲ್ಲಿ ಮೂಲೆಗ್ ಕುಂತ್ಕೊಂಡ್ ಬತ್ತಾರೆ. ಅಲ್ಗೋದ್ರೆ ನಂಗೂ ಒಂದಕ್ಷರ ತಿಳ್ಯಾಕಿಲ್ಲ. ಇಬ್ರೂ ಒಂದೇ ಆಯ್ತೀವಿ.”

ಇದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಇನ್ನು ಊರು ಸೇರಿಸುವ ಮೊದಲು ಹೇಳಿಬಿಡಬೇಕು ಎನಿಸಿತು. ಬಾವನ ಬಲಗಿವಿಯ ಹತ್ತಿರ ಕೂತು, “ಆ ದಿನ ನಾನು ಮಾತಾಡಿದ್ದು ತಪ್ಪಾಯಿತು” ಎಂದೆ.

“ಆಂ?”

“ಮರ ಕೇಳುವಾಗ ಮಾತಾಡಿದೆ!”

“ಆಂ? ಮರ ಏನು?”

ಎಂಟೊಂಬತ್ತು ವರ್ಷ ಬಚ್ಚಿಟ್ಟ ತಪ್ಪನ್ನು ನಾನು ಕೊನೆಗೆ ಬೀದಿಗೆಲ್ಲ ಕೇಳುವಂತೆ ಕಿರುಚಬೇಕಾಯಿತು. ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ನಾನು ಕಿರುಚಿದೆ: ನನ್ನ ಮಾತು ಅಡ್ಡ ಬಂದದ್ದರಿಂದಲೇ ನಿಮಗೆ ಮರ ಕೇಳಿಸಲಿಲ್ಲ! ಅದು ಮುಗಿಯುವ ಮೊದಲೇ ಪಾಪಕ್ಕ ಅವರ ಇನ್ನೊಂದು ಪಕ್ಕಕ್ಕೆ ಬಂದು, ಕೆಟ್ಟ ಕಿವಿ ಎಂಬುದನ್ನೂ ಮರೆತು ಕೂಗಿದಳು: “ನಾನೇ ಅವ್ನಿಗ್ ಏಳ್ಕೊಟ್ಟಿದ್ದು! ಊರ್ ಸೇರ್ಸು ಅಂದೋಳು ನಾನು!” ಅವಳೂ ಇದನ್ನು ಹೊತ್ತುಕೊಂಡೇ ಇದ್ದಳೆಂದು ನನಗೆ ತಿಳಿದದ್ದು ಆಗ.

ಬಾವ ನಮ್ಮಿಬ್ಬರನ್ನೂ ಸರದಿಯ ಮೇಲೆ ನೋಡಿದರು. ಆಮೇಲೆ ನಕ್ಕರು. “ಗೊತ್ತಿತ್ತು ಬಿಡು. ಬಿಯೆಸ್ಸಿಗ್ ಅಷ್ಟ್ ಧೈರ್ಯ ಎಲ್ಲೈತೆ?” ಕೋಲೂರಿ ಎದ್ದು ಪಡಸಾಲೆಯ ಕಂಬದ ಹತ್ತಿರ ಹೋದರು. “ಮರಾನ ಕಿವೀಲಿ ಕೇಳ್ತಾರೇನ್ಲಾ? ಅಲ್ಲಿ ಡ್ರಿಲ್ಲು, ಪಂಪು, ಬಂಡಿ, ಎಷ್ಟ್ ಸದ್ದು! ಕಿವಿಗೇನ್ ಸಿಕ್ತದೆ? ಅಂಗೈಲಿ ಕೇಳೋದು ಕಣ್ಲಾ. ಬಾಯ್ ಮುಚ್ಚಿ ಅನ್ನೋದು ನಿಮ್ ಕೈಕಾಲ್ ಸುಮ್ಕಿರ್ಲಿ ಅಂತ.” ಅಂಗೈಯನ್ನು ಕಂಬಕ್ಕೆ ಒತ್ತಿ ತೋರಿಸಿದರು.

ಒಂದು ಕ್ಷಣ ನನ್ನ ಬೆನ್ನ ಮೇಲಿನ ಮೂಟೆ ಇಳಿಯಿತು. ಮರುಕ್ಷಣ ಇನ್ನೂ ಭಾರವಾಗಿ ಬಂದು ಕೂತಿತು. ಏಕೆಂದರೆ ನಾನು ಮಾತಾಡಿದ ಕೂಡಲೇ ಅವರು ಆ ಕೈ ತೆಗೆದಿದ್ದರು. ನನ್ನ ಕಣ್ಣಾರೆ ನೋಡಿದ್ದೆ. “ಕೈ ಯಾಕೆ ತೆಗೆದಿರಿ ಬಾವ? ನನ್ನನ್ನು ಹೊಡೆಯೋಕೆ ಬಂದಿರಲ್ಲ!”

“ಒಡ್ಯಾಕಾ?” ಅವರಿಗೆ ನಿಜವಾಗಿಯೂ ಆಶ್ಚರ್ಯ. “ಎಣಿಸಾಕೆ ಬಂದೆ ಕಣ್ಲಾ, ನಿನ್ ದೀಪದ್ ತಾವ್ಕೆ. ನಾಕ್ ದಿನ ಸೇರ್ಸಿದ್ರೆ ದ್ರಾಕ್ಸಿ ಕುಯ್ಯೋ ಹೊತ್ಗೆ ಅವ್ನೂರ್ ಸೇರ್ತೀವಾ ಅಂತ. ಬೆರಳ್ ಕಾಣಬ್ಯಾಡ್ವಾ?” ಅವರು ಎರಡೂ ಕೈ ಮುಖದ ಮುಂದೆ ಹಿಡಿದು ಬೆರಳು ಮಡಿಸಿ ತೋರಿಸಿದರು. “ಸರಿಯಾಗ್ ಬಂದಿತ್ತು ಲೆಕ್ಕ. ಹೂಂ ಅನ್ನಾನ ಅಂತ ಬಾಯ್ ತೆಗ್ದೆ. ಬಂಡೆ ಬಿಡ್ಲಿಲ್ಲ.”

ಪಾಪಕ್ಕ ಸೆರಗನ್ನು ಬಾಯಿಗಿಟ್ಟುಕೊಂಡಳು. ನಾನು ಕೇಳಲೇಬೇಕಾಗಿದ್ದ ಕೊನೆಯದನ್ನೂ ಕೂಗಿ ಕೇಳಿದೆ: ಕೈ ತೆಗೆಯದಿದ್ದರೆ ಮರ ಹೇಳುತ್ತಿತ್ತೇ?

ಅವರು ಯೋಚಿಸಿದರು. ನನ್ನನ್ನು ಸಮಾಧಾನ ಮಾಡುವುದಕ್ಕೆ ಸುಳ್ಳು ಹೇಳುವ ಮನುಷ್ಯ ಅವರಲ್ಲ. “ಏಳ್ತಿತ್ತೋ ಏನೋ. ಕೆಲವ್ ಸಲ ಏಳ್ತದೆ, ಕೆಲವ್ ಸಲ ಇಲ್ಲ. ಏಳ್ದೇ ಇದ್ದಿದ್ರೆ, ಆ ಕಂಬದ್ ತಾವೇ ನಿಂತಿದ್ರೆ, ಇವತ್ ನಿನ್ ಕಿರುಚಾಟ ಕೇಳಾಕೆ ನಾನಿರ್ತಿರ್ಲಿಲ್ಲ. ಆ ಕಂಬ ಕೊನೆಗ್ ಸಿಗ್ಲೇ ಇಲ್ಲ ಕಣ್ಲಾ, ಪುಡಿ.” ಇಷ್ಟು ಹೇಳಿ, ಇದೇನು ದೊಡ್ಡ ವಿಷಯವಲ್ಲ ಎಂಬಂತೆ ನಕ್ಷೆಯ ಕಡೆ ಗದ್ದ ಆಡಿಸಿದರು. “ಓದು. ಮೊದ್ಲಿಂದ.”

ನಾನು ನೆಲದ ಮೇಲೆ ಕೂತೆ. ನಕ್ಷೆ ಮಡಿಕೆಗಳಲ್ಲಿ ಸವೆದಿತ್ತು. ನೇಪಲ್ಸಿನ ಅಳಿಸಿದ ಗೀರುಗಳ ಗುರುತು ಇನ್ನೂ ಇತ್ತು. ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಸಿಗುವುದೂ ಇಲ್ಲ. ನನ್ನ ಮಾತು ಅವರನ್ನು ಕೆಡಿಸಿತೋ ಉಳಿಸಿತೋ ನನಗೆ ಎಂದಿಗೂ ತಿಳಿಯುವುದಿಲ್ಲ. ತಲೆಯೆತ್ತಿದೆ. ಬಾವ ಕಂಬಕ್ಕೆ ಅಂಗೈ ಒತ್ತಿಕೊಂಡೇ ನಿಂತಿದ್ದರು, ಹಳೇ ದಿನಗಳಂತೆ. ಈ ಸಲ ಕಣ್ಣು ತೆರೆದಿತ್ತು, ನನ್ನ ತುಟಿಯ ಮೇಲಿತ್ತು.

“ರೋಮ್,” ಎಂದು ಕೂಗಿದೆ. “ಐದು ದಿನ.”

ಅವರ ಕೈ ನೋಡಿದೆ. ಅದು ಅಲ್ಲೇ ಇತ್ತು.

“ಫ್ಲಾರೆನ್ಸ್, ಆರು ದಿನ.”

ಪೀಸಾಕ್ಕೆ ಹಾರಿಬಿಡಬಹುದಿತ್ತು, ಸಿಯೆನಾ ನಕ್ಷೆಯಲ್ಲಿ ಇರಲಿಲ್ಲ, ಅದನ್ನು ಬರೆಯುವ ಮೊದಲೇ ಎಲ್ಲ ಮುಗಿದಿತ್ತು. ಪಾಪಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅರ್ಧ ಬೀಡಿ ಹೊತ್ತು ಮನೆಯಲ್ಲಿ ಒಂದು ಸದ್ದಿಲ್ಲ. ಆಮೇಲೆ ನಾನು ಪೆನ್ಸಿಲ್ ತೆಗೆದುಕೊಂಡು ಫ್ಲಾರೆನ್ಸಿನ ಕೆಳಗೆ ಒಂದು ಹೊಸ ಅಂತಸ್ತು ಎಳೆದೆ. ಪಕ್ಕದಲ್ಲಿ ನಾಲ್ಕು ಕಡ್ಡಿ ಗೀರು.

“ಸಿಯೆನಾ,” ಎಂದೆ. ಎದುರು ಮನೆಯವರಿಗೂ ಕೇಳುವಷ್ಟು ಜೋರಾಗಿ. “ನಾಲ್ಕು ದಿನ.”

ಹೇಳಿ, ಉಸಿರು ಹಿಡಿದು, ಆ ಅಂಗೈಯನ್ನು ನೋಡುತ್ತ ಕೂತೆ.

“ಮರ ಸುಮ್ಕೈತೆ,” ಎಂದರು ಬಾವ. “ಮುಂದಕ್ಕೋಗು.”